ಶಂಕು ತುಂಬ ಜೋಳ

ಘನಫಲದ ಪಾಠ ಬಂತೆಂದರೆ ನನ್ನ ಗ್ರಹಚಾರ ಬಂತೆಂದೇ ಲೆಕ್ಕ. ದಿನಾ ಯಾದಗಿರಿಯಿಂದ ಬಸ್ಸು ಹಿಡಿದು ಶಹಾಪುರಕ್ಕೆ ಗಣಿತ ಹೇಳಲು ಹೋಗುವವನು ನಾನು. ಬೇರೆ ಪಾಠಕ್ಕೆ ಬಾಯಿ ಬಿಡದ ಮಕ್ಕಳು ಈ ಪಾಠದಲ್ಲಿ ನನ್ನನ್ನೇ ಅಳೆದುಬಿಡುತ್ತಾರೆ. ಈ ವರ್ಷವಂತೂ ಈ ಪಾಠವನ್ನೇ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಅವರಿಗೆ ಹಿಡಿಸದಿದ್ದರೆ ಮೇ ತಿಂಗಳ ರಜೆಯಲ್ಲಿ ನನಗೆ ತರಬೇತಿ. ನಮ್ಮ ಕಡೆಯ ಮೇ ತಿಂಗಳಲ್ಲಿ ಆ ತರಬೇತಿಯ ತಗಡಿನ ಶೆಡ್ಡಿನಲ್ಲಿ ಕೂತು ಬಂದವರ ಮುಖ ನೋಡಿದ್ದೇನೆ. ನನಗೆ ಆ ಭಾಗ್ಯ ಬೇಡವಾಗಿತ್ತು.

ರೊಟ್ಟಿಯ ಎತ್ತರ

ಮನೆಯಿಂದ ಸಿಲಿಂಡರ್ ಆಕಾರದ್ದು ಏನಾದರೂ ತರಲು ಹೇಳಿದ್ದೆ. ಡಬ್ಬಿ ಬಂದವು, ಲೋಟ ಬಂದವು. ಒಬ್ಬ ಕಡಕ್ ರೊಟ್ಟಿ ತಂದಿದ್ದ.

"ಇದು ಸಿಲಿಂಡರ್ ಹ್ಯಾಂಗಾತೋ?"

"ಒಂದರ ಮ್ಯಾಲೊಂದು ಇಟ್ರ ಆಗ್ತದ್ರಿ ಸರ್."

ಮಾತು ಖರೆ. ಪೇರಿಸಿ, ತ್ರಿಜ್ಯ ಅಳೆದು ಹಲಗೆಯ ಮೇಲೆ ಬರೆದೆ. ತಿರುಗಿ ನೋಡಿದರೆ ಹಿಂದಿನ ಬೆಂಚೆಲ್ಲ ರೊಟ್ಟಿಯ ಸುತ್ತ ನಿಂತಿತ್ತು.

"ಎತ್ತರ ಎಷ್ಟದ?"

ಬಾಯಲ್ಲಿದ್ದದ್ದನ್ನು ನುಂಗಿ ಒಬ್ಬ ಕೇಳಿದ, "ಮೊದಲಿಂದು ಹೇಳ್ಲೇನ್ರಿ, ಈಗಿಂದು ಹೇಳ್ಲೇನ್ರಿ?"

ಮಲಗಿದವರ ಅಳತೆ

ನಮ್ಮ ಕಿಟಕಿಯಿಂದ ಕಾಣುವ ಗುಡ್ಡ ಥೇಟ್ ಮಲಗಿದ ಬುದ್ಧನ ಹಾಗಿದೆ. ಅಡ್ಡಾದಿಡ್ಡಿ ಆಕಾರವನ್ನೂ ತುಂಡು ಮಾಡಿ ಘನಫಲ ತೆಗೆಯಬಹುದೆಂದು ಅದನ್ನೇ ತೋರಿಸಿದೆ. ತಲೆ ಗೋಳ, ಮೂಗು ಶಂಕು ಎಂದು ಎಲ್ಲರೂ ಬರೆಯತೊಡಗಿದರು. ಒಬ್ಬಳು ಮಾತ್ರ ಕೈ ಕಟ್ಟಿ ಕೂತಿದ್ದಳು.

"ಸರ್, ಬುದ್ಧ ಎದ್ದು ಕುಂತ್ರೂ ಘನಫಲ ಅಷ್ಟ ಇರ್ತದೇನ್ರಿ?"

ಎಂಥ ಜಾಣ ಪ್ರಶ್ನೆ ಎಂದು ನನಗೆ ಖುಷಿಯಾಯಿತು. "ಅಷ್ಟ ಇರ್ತದವ್ವಾ."

"ಹಂಗಾರ ಎದ್ದ ಮ್ಯಾಲ ಅಳೀತೀನ್ರಿ."

ಗಿರಾಕಿ

ಕಡೆಗೆ ಸಾಹೇಬರು ಬಂದರು. ನಾನು ರಟ್ಟಿನಲ್ಲಿ ಒಂದು ಶಂಕು, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಸಿಲಿಂಡರ್ ಮಾಡಿಟ್ಟಿದ್ದೆ. ಮೂರು ಶಂಕು ಜೋಳ ಸುರಿದರೆ ಸಿಲಿಂಡರ್ ಸರಿಯಾಗಿ ತುಂಬಬೇಕು. ಸುರಿಯಲು ಕರೆದದ್ದು ಸಂತೆಯಲ್ಲಿ ಜೋಳ ಮಾರುವವರ ಮಗಳನ್ನು. ಕೈ ಪಳಗಿದೆ, ಚೆಲ್ಲುವುದಿಲ್ಲ ಎಂದು ನನ್ನ ಲೆಕ್ಕ.

ಆಕೆ ಸಂತೆಯ ರೂಢಿಯಂತೆ ಶಂಕುವಿನ ಮೇಲೆ ಗೋಪುರ ಬರುವಷ್ಟು ಜೋಳ ಹೇರಿ ಸುರಿದಳು. ಎರಡನೆಯದನ್ನೂ ಹಾಗೆಯೇ. ಮೂರನೆಯದು ಅರ್ಧವಾಗುವಷ್ಟರಲ್ಲಿ ಸಿಲಿಂಡರ್ ತುಂಬಿ, ಜೋಳ ಸಾಹೇಬರ ಬೂಟಿನ ಮೇಲೆ ಬಿತ್ತು. ನನ್ನ ಕಣ್ಣಿಗೆ ತಗಡಿನ ಶೆಡ್ಡು ಕಂಡಿತು.

"ಮೂರಲ್ಲೇನ್ರಿ ಮಾಸ್ತರ?" ಎಂದರು ಸಾಹೇಬರು.

"ತಂಗಿ, ಕೈಲೆ ಸವರಿ ಮಟ್ಟ ಅಳಿ," ಎಂದೆ.

ಆಕೆ ಸಾಹೇಬರನ್ನು ನೋಡಿದಳು, ನನ್ನನ್ನು ನೋಡಿದಳು. ತಗ್ಗಿದ ದನಿಯಲ್ಲಿ, "ಸರ್, ಮಟ್ಟ ಅಳದ್ರ ಗಿರಾಕಿ ತಿರುಗಿ ಬರಂಗಿಲ್ರಿ," ಎಂದಳು.

"ಹಂಗಾರ ಮಟ್ಟಾನ ಅಳಿಯವ್ವಾ," ಎಂದುಬಿಟ್ಟೆ. ಗಿರಾಕಿ ಪಕ್ಕದಲ್ಲೇ ನಿಂತಿದ್ದು ಆಮೇಲೆ ನೆನಪಾಯಿತು.

ಮಟ್ಟ ಅಳೆದಾಗ ಮೂರು ಶಂಕುವಿಗೆ ಸಿಲಿಂಡರ್ ತುಂಬಿತು. ಸಾಹೇಬರು ಬೂಟು ಝಾಡಿಸಿ, ಬಾಗಿಲ ತನಕ ಹೋಗಿ ತಿರುಗಿ ನಿಂತರು.

"ಆತ್ರಿ ಮಾಸ್ತರ. ನಾನೂ ತಿರುಗಿ ಬರಂಗಿಲ್ಲ, ನೀವೂ ತರಬೇತಿಗೆ ಬರಬ್ಯಾಡ್ರಿ."