ಮಿಸ್ಡ್ ಕಾಲ್ ಅಪ್ರಾಕು ಬಾಯಿ ಬಿಟ್ಟ ದಿನ

ಸುಹುಮ್ ಊರಿನ ಬಡಗಿ ಅಪ್ರಾಕು ಹನ್ನೊಂದು ವರ್ಷಗಳಿಂದ ಫೋನ್ ಇಟ್ಟುಕೊಂಡಿದ್ದ, ಆದರೆ ಅದರಲ್ಲಿ ಮಾತಾಡಿದವನಲ್ಲ. ಅವನದೇನಿದ್ದರೂ ಮಿಸ್ಡ್ ಕಾಲ್. ಒಂದು ಸಲ ರಿಂಗಾಗಿ ನಿಂತರೆ 'ಹೊರಟಿದ್ದೇನೆ', ಎರಡು ಸಲವಾದರೆ 'ಊಟ ತಾ', ಮೂರಾದರೆ 'ನೀನೇ ಫೋನ್ ಮಾಡು'. ಹೆಂಡತಿ ಸೆರ್ವಾಳಿಂದ ಹಿಡಿದು ಕೊಫೊರಿದುವಾ ಪಟ್ಟಣದ ಸೋದರಮಾವನವರೆಗೆ ನೆಂಟರಿಗೆಲ್ಲ ಈ ಭಾಷೆ ಬಾಯಿಪಾಠವಾಗಿತ್ತು.

ಬಾಗಿಲು ಚೌಕಟ್ಟು ಎತ್ತಿ ಎತ್ತಿ ಅವನಿಗೆ ಹರ್ನಿಯಾ ಆಯಿತು. ಬರುವ ತಿಂಗಳ ಐದನೇ ತಾರೀಕು ಆಪರೇಷನ್, ಮೂರು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು ಎಂದರು ಡಾಕ್ಟರು. ಸರ್ಕಾರಿ ವಿಮೆಯನ್ನು ಅವನು ಎಂದೋ ಬಿಟ್ಟುಬಿಟ್ಟಿದ್ದ, ಕೈಯಲ್ಲಿ ಕಾಸಿರಲಿಲ್ಲ. ಉಳಿದದ್ದು ಫೋನ್ ಕಂಪನಿಯವರ ಹೊಸ ಯೋಜನೆ ಒಂದೇ. ತಿಂಗಳಲ್ಲಿ ಐದು ಗಂಟೆ ಫೋನಿನಲ್ಲಿ ಮಾತಾಡಿದವರಿಗೆ ಮುಂದಿನ ತಿಂಗಳು ಮೂರು ರಾತ್ರಿಯ ಆಸ್ಪತ್ರೆ ಖರ್ಚು ಕಂಪನಿಯದು. ಬಂದ ಕರೆ ಲೆಕ್ಕಕ್ಕಿಲ್ಲ, ತಾವೇ ಮಾಡಿರಬೇಕು. ಊರಲ್ಲಿ ಆಗಲೇ ಕೆಲವರು ಹರಟೆ ಹೊಡೆದೇ ಹೆರಿಗೆ, ಕಣ್ಣಿನ ಪೊರೆ ಎಲ್ಲ ಮುಗಿಸಿಕೊಂಡಿದ್ದರು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಸೆರ್ವಾ ಗಂಡನ ಫೋನ್ ತೆಗೆದು ಲೆಕ್ಕ ನೋಡಿದಳು.

"ನಾಲ್ಕೇ ನಿಮಿಷ ಆಗಿದೆ. ಅದೂ ನೀನು ಫೋನಿನ ಮೇಲೆ ಕೂತಾಗ ಒತ್ತಿಹೋಗಿದ್ದು," ಎಂದಳು. "ಇವತ್ತು ಮಾತಾಡ್ತೀಯೋ, ಇಲ್ಲ ಹಿಂಗೇ ಹೊಟ್ಟೆ ಹಿಡ್ಕೊಂಡು ಓಡಾಡ್ತೀಯೋ?"

ಅಪ್ರಾಕು ಮೊದಲು ಸೋದರಮಾವನಿಗೆ ಫೋನ್ ಮಾಡಿದ.

"ಯಾರು ಹೋದ್ರು?" ಎಂದ ಮಾವ, ಹಲೋ ಕೂಡ ಅನ್ನದೆ.

"ಯಾರೂ ಹೋಗಿಲ್ಲ ಮಾವ. ಸುಮ್ನೆ ಮಾತಾಡೋಣ ಅಂತ ಮಾಡ್ದೆ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. "ಕೂತ್ಕೊಂಡೆ ಕಣಪ್ಪ," ಎಂದ ಮಾವ ಮೆಲ್ಲಗೆ. "ಈಗ ಹೇಳು, ತಡ್ಕೋತೀನಿ."

ಅಪ್ರಾಕು ಬಿಸಿಲಿನ ವಿಷಯ ಎತ್ತಿದ, ಮರಗೆಣಸಿನ ಬೆಲೆ ಕೇಳಿದ. ಸುದ್ದಿಯನ್ನು ಮೆತ್ತಗೆ ಇಳಿಸುತ್ತಿದ್ದಾನೆ ಎಂದುಕೊಂಡ ಮಾವ. ಧೈರ್ಯವಾಗಿರು, ಈಗಲೇ ಹೊರಟೆ ಎಂದು ಫೋನ್ ಇಟ್ಟೇಬಿಟ್ಟ. ಎಲ್ಲ ಸೇರಿ ಒಂದು ನಿಮಿಷ.

ದೊಡ್ಡಮ್ಮನ ಮಗನೂ ಅದನ್ನೇ ಕೇಳಿದ. ಹಳೆಯ ಗೆಳೆಯರೂ ಅದನ್ನೇ ಕೇಳಿ, ಅಳುವುದಕ್ಕೆಂದು ಫೋನ್ ಇಟ್ಟರು. ಆಮೇಲೆ ಅವರೆಲ್ಲ ತಿರುಗಿ ಫೋನ್ ಮಾಡತೊಡಗಿದರು. ಬಂದ ಕರೆಯಿಂದ ಅಪ್ರಾಕುವಿಗೆ ಎಳ್ಳಷ್ಟೂ ಲಾಭವಿರಲಿಲ್ಲ. ಪಕ್ಕದ ಮನೆಯ ಒಬುಒಬಿ ಗೋಡೆಗೆ ಒರಗಿ ಇದೆಲ್ಲ ಕೇಳಿಸಿಕೊಂಡ. ಸಾವಿನ ಮನೆಗಳಿಗೆ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವುದು ಅವನ ಕಸುಬು. ಯಾರೂ ಸತ್ತಿಲ್ಲ ಎಂದು ಇಷ್ಟು ಸಲ ಹೇಳಬೇಕಾಗಿದೆ ಎಂದರೆ ಏನೋ ಆಗಿಯೇ ಇದೆ ಎಂದುಕೊಂಡು, ನೆರೆಮನೆಯವನೆಂಬ ಪ್ರೀತಿಯಿಂದ ಅಂಗಳಕ್ಕೆ ನಲವತ್ತು ಕುರ್ಚಿ ಹಾಕಿಸಿದ.

ಹತ್ತು ಗಂಟೆಯಾದರೂ ಲೆಕ್ಕ ಹನ್ನೊಂದು ನಿಮಿಷ ದಾಟಿರಲಿಲ್ಲ. ಅಪ್ರಾಕುವಿಗೆ ನಿಜಕ್ಕೂ ಹೆದರಿಕೆಯಾಯಿತು. ಆಗ ನೆನಪಾದವಳು ಹಳ್ಳಿಯಲ್ಲಿದ್ದ ಅತ್ತೆ, ಸೆರ್ವಾಳ ತಾಯಿ ದುಫಿಯೆ. ಎರಡು ವರ್ಷದ ಹಿಂದೆ ಎಲ್ಲರೂ ಸಿಮ್ ನೋಂದಾಯಿಸಬೇಕೆಂದು ಆಜ್ಞೆಯಾದಾಗ, ಕೆಲಸ ಕೆಡುತ್ತದೆಂದು ಅಪ್ರಾಕು ತನ್ನ ಸಿಮ್ ಕೊಟ್ಟು ಅತ್ತೆಯನ್ನು ಕಳಿಸಿದ್ದ. ಆರು ಗಂಟೆ ಸಾಲಿನಲ್ಲಿ ನಿಂತ ದುಫಿಯೆ ಹಿಂದಿನವರು ಮುಂದಿನವರನ್ನೆಲ್ಲ ಮಾತಾಡಿಸಿ ಸುಸ್ತು ಮಾಡಿಸಿ ಬಂದಿದ್ದಳು.

ಯಾರು ಹೋದರು ಎಂದು ಕೇಳದೆ ಇದ್ದವಳು ಅವಳೊಬ್ಬಳೇ. ಅವಳಿಗೆ ಕೇಳುವ ಅಭ್ಯಾಸವೇ ಇರಲಿಲ್ಲ. ಮಂಡಿನೋವಿನಿಂದ ಶುರುಮಾಡಿದಳು. ಅಪ್ರಾಕು ಫೋನನ್ನು ಸ್ಪೀಕರಿಗೆ ಹಾಕಿ ಹಲಗೆಯ ಮೇಲಿಟ್ಟು, ಉಜ್ಜುಗೊರಡು ಎಳೆಯುತ್ತ, ಆಗಾಗ 'ಹೂಂ' ಅನ್ನುತ್ತ ನೆಮ್ಮದಿಯಾಗಿದ್ದ.

ಒಂದು ಗಂಟೆಗೆ ಸೋದರಮಾವನ ಹಿಂದೆ ಎರಡು ವ್ಯಾನು ತುಂಬ ನೆಂಟರು ಸಾವಿಗೆ ಉಡುವ ಕೆಂಪು ಕಪ್ಪು ಬಟ್ಟೆ ಉಟ್ಟು ಬಂದಿಳಿದರು. ಮಾವ ಕೋಣೆ ಕೋಣೆ ಹುಡುಕಿ, ಹೆಣ ಕಾಣದೆ ಹೊರಗೆ ಬಂದು, ಯಾರೆಂದು ಕೈಸನ್ನೆಯಲ್ಲೇ ಕೇಳಿದ. ಎಲ್ಲಿ ಅತ್ತೆ ಫೋನ್ ಇಟ್ಟುಬಿಡುತ್ತಾಳೋ ಎಂದು ಬಾಯಿ ಬಿಡದೆ ಅಪ್ರಾಕು ಫೋನಿನ ಕಡೆ ಬೆರಳು ತೋರಿಸಿದ, ಅತ್ತೆ ಎಂದು ತುಟಿ ಆಡಿಸಿದ. ಅಷ್ಟೇ ಸಾಕಾಯಿತು. ನಲವತ್ತು ಕುರ್ಚಿಯಿಂದಲೂ ಒಟ್ಟಿಗೆ ಅಳು ಎದ್ದಿತು.

"ಯಾರದು ಅಳ್ತಿರೋದು?" ಎಂದಳು ದುಫಿಯೆ ಫೋನಿನಲ್ಲಿ.

"ನೆಂಟರು ಅತ್ತೆ. ನಿಮಗೋಸ್ಕರಾನೇ."

"ಅಳ್ಲಿ ಬಿಡು. ಎಡಗಡೆ ಮಂಡಿದು ಹೇಳ್ತಿದ್ದೆ, ಎಲ್ಲಿಗೆ ಬಂದಿದ್ದೆ?"

ಸತ್ತವಳ ದನಿ ಕೇಳಿ ಅಂಗಳ ತಣ್ಣಗಾಯಿತು. ಸೆರ್ವಾ ನಿಜ ಸಂಗತಿ ಬಿಡಿಸಿ ಹೇಳಿದಳು. ಬಂದವರು ಕೋಪ ಮಾಡಿಕೊಂಡರೂ ಯಾರೂ ಏಳಲಿಲ್ಲ. ಸಾವಿಲ್ಲದಿದ್ದರೂ ಊಟವಾದರೂ ಇರಲೇಬೇಕಲ್ಲ ಎಂದ ಮಾವ. ಸೆರ್ವಾ ಮೇಕೆ ಮಾಂಸದ ಸಾರಿಗೆ ಇಟ್ಟಳು.

ಮೂರು ಗಂಟೆಯ ಹೊತ್ತಿಗೆ ದುಫಿಯೆ ಇನ್ನೂ ಮಾತಾಡುತ್ತಿರುವಾಗಲೇ ಕಂಪನಿಯ ಮೆಸೇಜು ಬಂತು. ಅಪ್ರಾಕು ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಸೆರ್ವಾ ಎಲ್ಲರಿಗೂ ಕೇಳುವಂತೆ ಓದಿದಳು.

"ಐದು ಗಂಟೆ ಪೂರೈಸಿದ ಶ್ರೀಮತಿ ದುಫಿಯೆ ಅವರಿಗೆ ಅಭಿನಂದನೆ. ಮುಂದಿನ ತಿಂಗಳು ಮೂರು ರಾತ್ರಿ ನಿಮ್ಮ ಆಸ್ಪತ್ರೆ ಖರ್ಚು ನಮ್ಮದು."

ಅಂದು ಸಾಲಿನಲ್ಲಿ ನಿಂತವಳು ತೋರಿಸಿದ್ದು ತನ್ನದೇ ಗುರುತಿನ ಚೀಟಿ. ಸಿಮ್ಮು ಇದ್ದದ್ದು ಅವಳ ಹೆಸರಿನಲ್ಲಿ. ಅವಳ ಹೆಸರಲ್ಲಿ ಇವನೇ ಹೋಗಿ ಮಲಗಲಿ ಎಂದ ಒಬುಒಬಿ. ಹೆಂಗಸರ ವಾರ್ಡಿನಲ್ಲಾ ಎಂದು ಮಾವ ಕೇಳಿದ ಮೇಲೆ ಒಬುಒಬಿ ತನ್ನ ಕುರ್ಚಿ ಎಣಿಸತೊಡಗಿದ.

ಫೋನಿನೊಳಗೆ ದುಫಿಯೆ ಎಲ್ಲ ಕೇಳಿಸಿಕೊಂಡಿದ್ದಳು. "ಎಪ್ಪತ್ತೊಂದು ವರ್ಷ ಆಯ್ತು ಕಣಪ್ಪ, ಹಗಲು ಹೊತ್ತು ಬೆನ್ನು ನೆಲಕ್ಕೆ ಹಚ್ಚಿದ್ದಿಲ್ಲ," ಎಂದಳು. "ಯಾವ ತಾರೀಕು ಅಂದೆ?"

ಅಪ್ರಾಕುವಿಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಆ ಮಂಡಿಯ ಮೇಲೆಯೇ ಅವಳು ಆರು ಗಂಟೆ ನಿಂತದ್ದು ತನಗಾಗಿ ಎಂಬುದು ನೆನಪಾಗಿ ನಾಚಿಕೆಯಾಯಿತು. ಐದನೇ ತಾರೀಕು ಎಂದ.

ಮಾರನೆಯ ದಿನ ತಾನೇ ಸಾಲಿನಲ್ಲಿ ನಿಂತು ತನ್ನ ಹೆಸರಿಗೊಂದು ಸಿಮ್ಮು ತಂದ. ಇನ್ನು ಮೊದಲಿನಿಂದ ಐದು ಗಂಟೆ. ಆದರೆ ಅವನು ಫೋನ್ ಮಾಡಿದರೆ ಈಗ ನೆಂಟರು ಯಾರೂ ಎತ್ತುತ್ತಿರಲಿಲ್ಲ.

ಐದನೇ ತಾರೀಕು ಮಧ್ಯಾಹ್ನ ಅಪ್ರಾಕು ಹೊಟ್ಟೆ ಹಿಡಿದುಕೊಂಡು ಚೌಕಟ್ಟು ಕೂರಿಸುತ್ತಿದ್ದಾಗ, ಅತ್ತೆ ಹೋಗಿ ಮಲಗಿದ್ದ ಆಸ್ಪತ್ರೆಯಿಂದ ಫೋನ್ ಬಂತು. ಬಾಯ್ತುಂಬ ಮಾತಾಡುವ ಅತ್ತೆಯಲ್ಲವೇ, ತಿರುಗಿ ತಾನೇ ಫೋನ್ ಮಾಡಿದರಾಯಿತು ಎಂದು ಆಸೆಯಿಂದ ಕೈ ಚಾಚಿದ. ಅದು ಎರಡು ಸಲ ರಿಂಗಾಗಿ ನಿಂತಿತು.

ಅಪ್ರಾಕು ಉಳಿ ಕೆಳಗಿಟ್ಟು, ಸಾರಿನ ಪಾತ್ರೆ ಎತ್ತಿಕೊಂಡು ಹೊರಟ.