ನಾಲ್ಕು ತಾಲ್ಲೂಕಿಗೊಂದೇ ಪೆಟ್ಟಿಗೆ

ಜತೆಗೆ ಯಾರೂ ಇಲ್ಲದವನಿಗೇ ಇಂಥ ಪ್ರಸಂಗಗಳು ಹೆಚ್ಚು ಗಂಟುಬೀಳುತ್ತವೆ. ಜತೆಗಾರರಿದ್ದರೆ ಅರ್ಧವಾದರೂ ಅವರ ಪಾಲಿಗೆ ಹೋಗುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಇಲಾಖೆಗೆ ಕಂಪ್ಯೂಟರ್ ಬಂತು. ಒಂದೇ ಒಂದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ಅದೇ. ಕೌದಿ ಸುತ್ತಿ ಜೀಪಿಗೆ ಹಾಕಿಕೊಂಡು ವಾರಕ್ಕೊಂದು ಊರು, ಟೂರಿಂಗ್ ಟಾಕೀಸಿನ ಹಾಗೆ. ಯಾವ ಹಳ್ಳಿಯ ಕೈಪಂಪು ನೆಟ್ಟಗಿದೆ, ಯಾವುದು ಕೆಟ್ಟಿದೆ ಅಂತ ಅದರಲ್ಲಿ ಪಟ್ಟಿ ಮಾಡಬೇಕು. ತರಬೇತಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಟೈಪಿಂಗ್ ಹಾಲಿನ ಆರು ಜನರಲ್ಲಿ ಐವರಿಗೆ ಕಣ್ಣುನೋವು ಬಂತು. ನನಗೆ ಬರುವಷ್ಟರಲ್ಲಿ ಹೆಸರು ಬರೆದಾಗಿತ್ತು.

ಹೋದ ಊರಲ್ಲೆಲ್ಲ ನನಗೊಂದು ಕತ್ತಲೆ ಕೋಣೆ, ಬಾಗಿಲಿಗೆ ಬೋರ್ಡು: ಚಪ್ಪಲಿ ಬಿಡಿ, ಮಾತಾಡಬೇಡಿ, ಪ್ರವೇಶವಿಲ್ಲ. ಮೂರನೆಯದನ್ನು ಎಲ್ಲರೂ ಪಾಲಿಸಿದ್ದರಿಂದ ಮೊದಲೆರಡರ ಅಗತ್ಯವೇ ಬೀಳಲಿಲ್ಲ. ಹಾಲಿನಲ್ಲಿ ಆರು ಟೈಪ್‌ರೈಟರ್ ಸದ್ದಿನ ಮೇಲೆ ಕಿರುಚಿ ಹರಟುತ್ತಿದ್ದವನು ನಾನು. ಈಗ ಎದುರಿಗೆ ಒಂದು ಹಸಿರು ಚುಕ್ಕಿ, ಮಿಣಕ್ ಮಿಣಕ್. ಜತೆಗೆ ಕೂತು ಟೀ ಕುಡಿಯಲು ಒಬ್ಬ ಬೇಕು. ನನ್ನ ಆಸೆ ಅಷ್ಟೇ. ಈ ಕಥೆಗಳನ್ನು ಬೇರೆ ಥರ ಹೇಳುವವರು ಮಧುಗಿರಿಯಲ್ಲಿದ್ದಾರೆ. ಅವರನ್ನು ನಂಬಬೇಡಿ, ಅವರು ಎಲ್ಲವನ್ನೂ ಕಣ್ಣಾರೆ ಕಂಡವರು.

ಕೊರಟಗೆರೆಯಲ್ಲಿ ಹೊಸ ವರ್ಷ

ಆ ಯಂತ್ರಕ್ಕೆ ನೆನಪು ಕಡಿಮೆ. ಪ್ರತಿ ಸಲ ಹಚ್ಚಿದಾಗಲೂ ಇವತ್ತು ಎಷ್ಟನೇ ತಾರೀಖು ಎಂದು ಕೇಳುತ್ತಿತ್ತು. ಹೇಳದಿದ್ದರೆ ಎಂಬತ್ತನೇ ಇಸವಿ ಜನವರಿ ಒಂದು ಎಂದು ತಾನೇ ಹಾಕಿಕೊಳ್ಳುತ್ತಿತ್ತು. ಒಂದು ದಿನ ಬೇಸರಕ್ಕೆ ನಾನು ಹೇಳಲಿಲ್ಲ.

ಪಟ್ಟಿ ನೋಡಿದ ಕೊರಟಗೆರೆ ಸಾಹೇಬರು ಕರೆದರು. "ಏನ್ರೀ ಇದು? ಹೋದ ವರ್ಷ ಕೊರೆಸಿದ ಪಂಪು ಎಂಬತ್ತರಲ್ಲೇ ಕೆಟ್ಟುಹೋಗಿದೆ?"

"ಕಂಪ್ಯೂಟರ್ ಅಲ್ವಾ ಸಾರ್, ಮುಂದಾಲೋಚನೆ ಜಾಸ್ತಿ," ಅಂದೆ. "ಅದರೊಳಗೆ ಇನ್ನೂ ಎಂಬತ್ತೇ ನಡೀತಿದೆ."

ಮಾರನೇ ದಿನ ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡರು. ನನ್ನ ಕೋಣೆಗೆ ಬಂದ ಮೊದಲ ಮನುಷ್ಯ. ಕುರ್ಚಿ ಒರೆಸಿ ಕೂರಿಸಿದೆ.

"ನೋಡ್ರಿ, ಎಂಬತ್ತರಲ್ಲಿ ನನಗೊಂದು ಬಡ್ತಿ ಬರಬೇಕಿತ್ತು. ಅರ್ಜಿ ಕೊಡೋದು ತಡ ಆಗಿ ತಪ್ಪಿಹೋಯ್ತು," ಎಂದು ದನಿ ತಗ್ಗಿಸಿದರು. "ಇದರಲ್ಲಿ ಇನ್ನೂ ಎಂಬತ್ತೇ ಅನ್ನೋದಾದ್ರೆ, ಈಗ ಕೊಡಬಹುದಾ?"

ಇಲ್ಲ ಅನ್ನಬಹುದಿತ್ತು. ಅಂದರೆ ಎದ್ದು ಹೋಗುತ್ತಾರಲ್ಲ! ಎರಡು ಟೀ ತರಿಸಿ, ಅವರ ಹತ್ತು ವರ್ಷದ ಸಂಕಟವನ್ನೆಲ್ಲ ಕೇಳಿಕೊಂಡು, ಜನವರಿ ಒಂದರ ತಾರೀಖಿಗೇ ಅರ್ಜಿ ಪ್ರಿಂಟ್ ತೆಗೆದುಕೊಟ್ಟೆ.

ಎರಡು ತಿಂಗಳಿಗೆ ಮೇಲಿನಿಂದ ಉತ್ತರ ಬಂತು: "ಅರ್ಜಿ ಸಕಾಲದಲ್ಲಿ ತಲುಪಿದೆ. ಆದರೆ ಹುದ್ದೆ ಖಾಲಿ ಇಲ್ಲ."

ಪಾವಗಡದ ಗಿರಣಿ

ಪಾವಗಡದಲ್ಲಿ ಕಚೇರಿಯ ಗೋಡೆಗೆ ಅಂಟಿದ ಹಾಗೆ ಹಿಟ್ಟಿನ ಗಿರಣಿ. ಅದು ಶುರುವಾದರೆ ಸಾಕು, ಕರೆಂಟು ಕುಸಿದು ನನ್ನ ಹಸಿರು ಅಕ್ಷರಗಳು ಒಮ್ಮೆ ನಡುಗಿ ಮಾಯ. ಅಲ್ಲಿವರೆಗೆ ಟೈಪ್ ಹೊಡೆದದ್ದೂ ಮಾಯ. ವಳ್ಳೂರಿನ ಪಂಪುಗಳನ್ನು ಒಂದೇ ದಿನ ನಾಲ್ಕು ಸಲ ಹೊಡೆದೆ. ಐದನೇ ಸಲಕ್ಕೆ ಎದ್ದು ಜಗಳಕ್ಕೆ ಹೋದೆ.

"ಏಮಯ್ಯಾ, ನೀ ಪೆಟ್ಟೆ ಕೋಸಂ ನಾ ಮಿಷನ್ ಆಪಾಲಾ?" ಅಂದ ಗಿರಣಿಯವನು. ನಿನ್ನ ಪೆಟ್ಟಿಗೆಗೋಸ್ಕರ ನನ್ನ ಮಿಷನ್ನು ನಿಲ್ಲಿಸಬೇಕಾ ಅಂತ.

ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಅವನ ಪರ ವಹಿಸಿದಳು. "ನಿನ್ ಲಿಸ್ಟು ನಾಳೀಕಾದ್ರೂ ಆಯ್ತದೆ ಕಣಪ್ಪ, ನಮ್ ಮುದ್ದೆ ಈವತ್ತೇ ಆಗ್ಬೇಕಲ್ಲ? ಕುಂತ್ಕಾ, ಉಸಿರಾಡ್ಕಾ," ಎಂದು ಗೋಣಿಚೀಲ ಸರಿಸಿದಳು.

ಕೂತೆ. ಸಾಲಿನ ಹೆಂಗಸರಿಂದ ಯಾವೂರು, ಯಾರ ಪೈಕಿ, ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಎಲ್ಲ ವಿಚಾರಣೆಯಾಯಿತು. ರಾಗಿ ಬೀಸಿ ಮುಗಿಯುವುದರೊಳಗೆ ನನಗೆ ಎರಡು ಹೆಣ್ಣು ಗೊತ್ತುಮಾಡಿ, ಒಂದನ್ನು ಅವರೇ ಬೇಡ ಅಂದರು.

ಮಾರನೇ ದಿನ ಗಿರಣಿಯವನ ಮನಸ್ಸು ಕರಗಿತ್ತು. "ಹೋಗ್ಲಿ ಬುಡು, ಮಧ್ಯಾಹ್ನದ ತನಕ ನಿಲ್ಲಿಸ್ತೀನಿ, ನಿನ್ ಕೆಲ್ಸ ಮಾಡ್ಕಾ," ಅಂದ. ನಾನು ಅವನನ್ನು ಪಕ್ಕಕ್ಕೆ ಕರೆದು ಕೈಹಿಡಿದೆ. "ಅಣ್ಣಾ, ದಮ್ಮಯ್ಯ, ನಿಲ್ಲಿಸಬೇಡ."

ದಿನಚರಿಯಲ್ಲಿ ಬರೆದದ್ದು: ವೋಲ್ಟೇಜು ತೊಂದರೆಯ ಸ್ಥಳ ಪರಿಶೀಲನೆ, ಆರು ದಿನ.

ವಾರದ ಕೊನೆಗೆ ಗಿರಣಿಯಿಂದ ನೇರ ಜೀಪು ಹತ್ತಿ ಮಧುಗಿರಿಯಲ್ಲಿ ಇಳಿದೆ. ಅಲ್ಲಿನ ದೊಡ್ಡ ಸಾಹೇಬರು ನನ್ನ ತಲೆ ನೋಡಿ ಲೊಚಗುಟ್ಟಿದರು. "ಅಯ್ಯೋ ಪಾಪ, ಕಂಪ್ಯೂಟರ್ ಕೆಲಸ ಎಷ್ಟು ಕಷ್ಟ ನೋಡ್ರಿ. ಒಂದೇ ವಾರಕ್ಕೆ ಪೂರ್ತಿ ನರೆತುಬಿಟ್ಟಿದೆ!"

ಶಿರಾದ ಗುಟ್ಟು

ಪಟ್ಟಿ ತೆರೆಯಲು ಒಂದು ಗುಪ್ತಪದ ಇಡಬೇಕು, ಅದು ಯಾರಿಗೂ ಗೊತ್ತಾಗಬಾರದು ಎಂದು ಆದೇಶ ಬಂತು. ಶಿರಾ ಸಾಹೇಬರು ನನ್ನಿಂದ ವಿಧಾನ ಕಲಿತು, ನಾನು ಎರಡು ದಿನ ರಜೆಯಲ್ಲಿದ್ದಾಗ ಕೈಯಾರೆ ಇಟ್ಟರು. ಆಮೇಲೆ ನಮ್ಮ ಕಚೇರಿಯಲ್ಲಿ ಯಾವ ಆದೇಶಕ್ಕಾದರೂ ಮಾಡುವ ಹಾಗೆ, ಮೇಲೆ "ಅತಿ ಗೋಪ್ಯ" ಎಂದು ಬರೆದು, ಕೆಳಗೆ ಆ ಪದವನ್ನೂ ಬರೆದು, ಸುತ್ತೋಲೆ ಪುಸ್ತಕವನ್ನು ಮೇಜಿನಿಂದ ಮೇಜಿಗೆ ಕಳಿಸಿದರು. ಎಲ್ಲರೂ ಓದಿ ಸಹಿ ಹಾಕಿದರು. ನೀರು ತರುವವಳು ಓದಿಸಿಕೊಂಡು ಹೆಬ್ಬೆಟ್ಟು ಒತ್ತಿದಳು.

ನಾನು ಬರುವಷ್ಟರಲ್ಲಿ ಸಾಹೇಬರು ಬರಗೂರಿನ ಕಡೆ ಪಂಪು ನೋಡಲು ಹೋಗಿದ್ದರು, ಪುಸ್ತಕ ಅವರ ಬೀರುವಿನಲ್ಲಿತ್ತು. ಕಂಪ್ಯೂಟರ್ ಗುಪ್ತಪದ ಕೇಳುತ್ತ ಕೂತಿತು.

"ಏನಪ್ಪಾ ಅದು?" ಎಂದು ಹೆಡ್‌ಕ್ಲಾರ್ಕರನ್ನು ಕೇಳಿದೆ.

"ಗೋಪ್ಯ ಕಣ್ರೀ. ನಿಮ್ಮ ಸಹಿ ಇಲ್ಲವಲ್ಲ?"

"ಕಂಪ್ಯೂಟರ್ ನಡೆಸೋನು ನಾನು!"

"ಇರಬಹುದು. ಸಹಿ ಇಲ್ಲ."

ಮೇಜಿಂದ ಮೇಜಿಗೆ ಹೋದೆ. ಎಲ್ಲರೂ ಕನಿಕರದಿಂದ ನೋಡಿದರು, ಒಬ್ಬರೂ ಬಾಯಿ ಬಿಡಲಿಲ್ಲ. ಇಡೀ ಕಚೇರಿ ಒಂದು ಕಡೆ, ನಾನೊಬ್ಬ ಒಂದು ಕಡೆ. ಸೋತು ಎದುರಿನ ಅಂಗಡಿಗೆ ಹೋಗಿ ಟೀ ಮಾಡುವ ಸಾಬರ ಹತ್ತಿರ ಗೋಳು ತೋಡಿಕೊಂಡೆ. ಅವರು ಗ್ಲಾಸು ಇಟ್ಟು ಬೆನ್ನು ಸವರಿದರು.

"ಬೇಜಾರ್ ಮಾಡ್ಕೋಬೇಡಿ ಭಾಯಿ. ನನಗೂ ಗೊತ್ತು. ಲೇಕಿನ್ ನಿಮಗೆ ಮಾತ್ರ ಹೇಳಂಗಿಲ್ಲ."

ಮಧುಗಿರಿಯಲ್ಲಿ ಇಬ್ಬರು

ಶಿರಾದಿಂದ ಮಧುಗಿರಿಗೆ ಬಂದವನೇ ದೊಡ್ಡ ಸಾಹೇಬರ ಎದುರು ಒಂದು ಹಸಿ ಸುಳ್ಳು ಹೇಳಿದೆ. "ಸಾರ್, ಇದನ್ನು ಒಬ್ಬನೇ ಹಚ್ಚೋಕಾಗಲ್ಲ. ಒಬ್ಬ ಸ್ವಿಚ್ಚು ಒತ್ತುವಾಗ ಇನ್ನೊಬ್ಬ ಮೂಲೆಯ ಗುಂಡಿ ಹಿಡಿದುಕೊಂಡಿರಬೇಕು. ಇಲ್ಲದಿದ್ರೆ ಸುಟ್ಟುಹೋಗತ್ತೆ."

ಸುಟ್ಟುಹೋಗುತ್ತದೆ ಎಂದರೆ ಜವಾಬ್ದಾರಿ ಯಾರದೆಂಬ ಪ್ರಶ್ನೆ ಏಳುತ್ತದೆ. ಅವತ್ತೇ ಲಿಖಿತ ಆದೇಶವಾಯಿತು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ ಕೊಡಿಗೇನಹಳ್ಳಿಯ ದಫೇದಾರನನ್ನು "ಗುಂಡಿ ಹಿಡಿಯುವ ಕರ್ತವ್ಯ"ಕ್ಕೆ ನೇಮಿಸಿ, ನಾಲ್ಕು ತಾಲ್ಲೂಕಿಗೂ ನನ್ನ ಜತೆ ಕಳಿಸಿದರು. ಐವತ್ತು ದಾಟಿದ ಮನುಷ್ಯ. ಬೆಳಗ್ಗೆ ಕೈಕಾಲು ತೊಳೆದು ಬಂದು, ಹಸುವಿನ ಕೆಚ್ಚಲು ಮುಟ್ಟುವ ಹಾಗೆ ಗುಂಡಿ ಹಿಡಿಯುತ್ತಿದ್ದ. ಆಮೇಲೆ ಟೀ. ಆಮೇಲೆ ಪ್ರಿಂಟರ್ ಹಾಳೆಯ ಬೆನ್ನಿಗೆ ಚೌಕಾಬಾರದ ಮನೆ ಬರೆದು, ಕವಡೆಯ ಬದಲು ಒಡೆದ ಹುಣಸೆಬೀಜ ಹಾಕಿ ಆಟ. ಆರು ತಿಂಗಳು ಲಾಡ್ಜಿನಲ್ಲಿ ಗೋಡೆಯ ಜತೆ ಮಾತಾಡುವ ಕಷ್ಟ ತಪ್ಪಿತು.

ಅಷ್ಟರಲ್ಲಿ ಯಂತ್ರ ಪರೀಕ್ಷೆಗೆ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದ. ತೆಳ್ಳನೆಯವ, ಕೈಯಲ್ಲಿ ಚೀಲ, ದಿನಕ್ಕೊಂದು ಊರು. "ಇಬ್ಬರು ಬೇಕು ಅಂದೋರು ಯಾರು?" ಅಂದವನೇ ಒಂದೇ ಬೆರಳಲ್ಲಿ ಸ್ವಿಚ್ಚು ಒತ್ತಿದ. ಚುಕ್ಕಿ ಮಿಣಕ್ ಅಂತ ಎದ್ದು ತಾರೀಖು ಕೇಳಿತು.

ದೊಡ್ಡ ಸಾಹೇಬರು ಹತ್ತು ನಿಮಿಷದಲ್ಲಿ ಬರುವವರಿದ್ದರು. ದಫೇದಾರ ಮುಂದೆ ಬಂದ.

"ಅದು ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು ಸಾಮಿ. ಬೆಳಗ್ಗೆ ಇವ್ರು ಬರಾಕ್ ಮುಂಚೆ ನಾನೊಬ್ನೇ ಹಚ್ಚಿ, ಆರ್ಸಿ, ಸುಮ್ಕೆ ಕುಂತಿರ್ತಿದ್ದೆ."

ನಾನು ಬಾಯಿ ತೆರೆದೆ. "ಮತ್ತೆ ಆರು ತಿಂಗಳು ಗುಂಡಿ ಹಿಡಿದೆಯಲ್ಲೋ ಮಾರಾಯ?"

"ಹಿಡೀದೆ ಏನ್ ಮಾಡ್ಲಿ? ಇಪ್ಪತ್ತೊರ್ಸ ಆ ಸ್ಟೂಲ್ ಮ್ಯಾಲೆ ಒಬ್ನೇ ಕುಂತಿದ್ದೀನಿ. ಒಬ್ರೂ ಬಾಯಿ ತುಂಬ ಮಾತಾಡ್ಸಿಲ್ಲ. ಸಾಹೇಬ್ರಿಗೆ ಹೇಳ್ಬುಟ್ರೆ ನಾಳೀಕೆ ಮತ್ತೆ ಅಲ್ಲಿಗೇ." ಎಂಜಿನಿಯರ್ ಕಡೆ ತಿರುಗಿದ. "ನೀವು ನಿಜಾನೇ ಬರ್ಕೊಳ್ಳಿ ಸಾಮಿ. ಟೀ ಆರೋಯ್ತದೆ, ಮೊದ್ಲು ಕುಡೀರಿ."

ಎಂಜಿನಿಯರ್ ಕುಡಿದ. ಕಣ್ಣು ಚೌಕಾಬಾರದ ಹಾಳೆಯ ಮೇಲೆ ಬಿತ್ತು. "ಯಾರ ಸರದಿ?" ಅಂದ.

ಬಾಗಿಲು ತೆಗೆದಾಗ ದೊಡ್ಡ ಸಾಹೇಬರಿಗೆ ಕಂಡದ್ದು ಯಂತ್ರದ ಸುತ್ತ ತಲೆ ಬಗ್ಗಿಸಿದ ಮೂವರು. "ಏನ್ರೀ, ಪರೀಕ್ಷೆ ಆಯ್ತಾ? ಇದಕ್ಕೆ ನಿಜವಾಗ್ಲೂ ಇಬ್ಬರು ಬೇಕಾ?"

ಎಂಜಿನಿಯರ್ ಧಡಕ್ಕನೆ ಎದ್ದು, ಹುಣಸೆಬೀಜದ ಮುಷ್ಟಿಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಇಬ್ಬರು ಸಾಲಲ್ಲ ಸಾರ್. ತಿಂಗಳಿಗೊಂದು ಸಲ ನಾನೂ ಬರಬೇಕಾಗತ್ತೆ."