ನಮ್ಮತ್ತೆಯ ನೀಲಿ ಬಿಳಿಗಾರ

ಹಟ ಮಾಡುವ ಮರಿಗಳನ್ನು ಮಲಗಿಸಲು ಜಿರಳೆಗಳು ನಮ್ಮ ಸೋದರತ್ತೆಯ ಹೆಸರನ್ನೇ ಹೇಳಿ ಹೆದರಿಸುತ್ತಿರಬೇಕು! ನನ್ನ ಅಪ್ಪನ ಅಕ್ಕ ಈಕೆ, ನಮ್ಮ ಮನೆಯಲ್ಲೇ ಇರುವವಳು. ಬೇರೆಯವರ ಅತ್ತೆಯರು ಸೊಂಟದ ಚಂಚಿಯಲ್ಲಿ ಎಲೆ ಅಡಿಕೆ ಇಟ್ಟರೆ ಇವಳು ಬಿಳಿಗಾರ ಇಡುತ್ತಾಳೆ. ಚಿನ್ನದ ಕೆಲಸದ ಪತ್ತಾರರು ಬೆಸುಗೆಗೆ ಬಳಸುತ್ತಾರಲ್ಲ, ನೆಲದಿಂದ ಅಗೆದು ತೆಗೆಯುವ ಉಪ್ಪಿನಂಥ ಪುಡಿ, ಅದೇ.

ಬಿಸಿನೀರಿಗೆ ಒಂದು ಚಮಚ ಹಾಕಿ ಬಚ್ಚಲು ತಿಕ್ಕುತ್ತಾಳೆ. ಸಕ್ಕರೆ ಬೆರೆಸಿ, ಯಾರ ಕೈಗೂ ಎಟುಕದ ಸಂದಿಯಲ್ಲಿ ಜಿರಳೆಗೆ ಇಡುತ್ತಾಳೆ. ಆಗಿನ ಅವತಾರ ನೋಡಬೇಕು. ಕೈಗೆ ಪ್ಲಾಸ್ಟಿಕ್ ಚೀಲ, ಮೂಗಿಗೆ ಸೆರಗು, ಥೇಟ್ ದರೋಡೆಗೆ ಹೊರಟವಳೇ! ಮೊದಲು ಪಾತ್ರೆಗಳು ಹೊರಗೆ, ಆಮೇಲೆ ಕರು ಹೊರಗೆ, ಕೊನೆಗೆ ನಾವು ಹೊರಗೆ. ಇಷ್ಟನ್ನು ಹೇಗೋ ಸಹಿಸಿಕೊಂಡೇವು. ಸಹಿಸಲಾಗದ್ದು ಆ ನೀಲಿ. ಬಿಳಿ ಪುಡಿಯನ್ನು ಸಕ್ಕರೆಯೆಂದು ಯಾರಾದರೂ ಬಾಯಿಗೆ ಹಾಕಿಕೊಂಡಾರೆಂದು ಅದಕ್ಕೆ ಬಟ್ಟೆಯ ನೀಲಿ ಕಲಸಿ ಒಣಗಿಸುತ್ತಾಳೆ. ಹೀಗಾಗಿ ನಮ್ಮ ಮನೆಯ ಮೂಲೆ ನೀಲಿ, ಬಾಗಿಲ ಚಿಲಕ ನೀಲಿ, ನನ್ನ ಬಿಳಿ ಟೊಪ್ಪಿಗೆಯ ಮೇಲೂ ನೀಲಿ ಬೆರಳಚ್ಚು.

ನಾನು ಗೌಂಡಿ. ಐದನೆಯ ಇಯತ್ತೆಗೇ ಶಾಲೆ ಬಿಟ್ಟು ಕರಣಿ ಹಿಡಿದವನು. ನಾನೆಬ್ಬಿಸಿದ ಗೋಡೆ ಕೂದಲೆಳೆಯಷ್ಟೂ ವಾಲಿದ್ದನ್ನು ಮುಗಳಖೋಡದಲ್ಲಿ ಯಾರೂ ಕಂಡಿಲ್ಲ. ಅಂಥವನು ಚಹಾದಂಗಡಿಯಲ್ಲಿ ಏನು ಕೇಳಿಸಿಕೊಳ್ಳಬೇಕು? "ಏನ್ ಮೇಸ್ತ್ರಿ, ನಿಮ್ಮನ್ಯಾಗ ಹೋಳಿ ಇನ್ನೂ ಮುಗಿದಿಲ್ಲೇನ?" ಟೊಪ್ಪಿಗೆಯನ್ನು ಕಿಸೆಗೆ ತುರುಕಿ ಎದ್ದು ಬರುತ್ತಿದ್ದೆ.

ಚಿಕ್ಕೋಡಿಯ ಬೀಗರ ಮನೆಗೆ, ಬಸುರಿ ಸೊಸೆಯ ಕುಬಸಕ್ಕೆ ಹೋದಾಗ ಊಟದ ನಡುವೆ ಅತ್ತೆ ಮಾಯ! ಹುಡುಕಿದರೆ ಅಡುಗೆಮನೆಯಲ್ಲಿ ಬ್ಯಾಟರಿ ಹಿಡಿದು ಒಲೆಯ ಹಿಂದೆ ಇಣುಕುತ್ತಿದ್ದಳು. ಬೀಗಿತ್ತಿಯನ್ನು ಕಂಡವಳೇ, "ಅಡಗಿ ಚಲೋ ಆಗೇತಿ ಯವ್ವಾ. ಆದ್ರ ಪಂಗತಿಗಿಂತ ಜಾಸ್ತಿ ಮಂದಿ ಒಲಿ ಹಿಂದ ಊಟಕ್ಕ ಕುಂತಾರ" ಎಂದಳು. ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ನಾನು ಬಸ್ಸಿಗೆ ಓಡಿದೆ.

ಹೀಗಿರುವಾಗ ಮಗಳನ್ನು ನೋಡಲು ಸತ್ತಿ ಊರಿನಿಂದ ಗಂಡಿನವರು ಬರುವುದೆಂದಾಯಿತು. ಒಳ್ಳೆಯ ಮನೆತನ, ಮಗಳಿಗೂ ಮನಸ್ಸಿತ್ತು. ಅವತ್ತೊಂದು ದಿನ ನೀಲಿ ಕಾಣಿಸಬಾರದೆಂದು ಅತ್ತೆಗೆ ಕೈಮುಗಿದೆ. ಪಾಪ, ತಾನೇ ಕೂತು ಮೂಲೆಗಳನ್ನೆಲ್ಲ ಒರೆಸಿದಳು. ಆದರೆ ಅವಳ ಪುಡಿಯ ಡಬ್ಬಿ ಮಾತ್ರ, ಮಕ್ಕಳ ಕೈಗೆಟುಕದಂತೆ, ತೊಲೆಯ ಹತ್ತಿರದ ಮೊಳೆಗೆ ಎಂದಿನಂತೆ ತೂಗುತ್ತಿತ್ತು, ಮೈತುಂಬ ನೀಲಿ ಬಳಿದುಕೊಂಡು. ಜೀಪಿನ ಸದ್ದು ಕೇಳಿದ್ದೇ ನಾನು ಅದನ್ನು ಇಳಿಸಿ ಮಂಚದ ಕೆಳಗೆ ತಳ್ಳಿದೆ.

ಅವಲಕ್ಕಿ ಆಯಿತು. ಗಂಡಿನ ತಂದೆ ನನ್ನ ಗೋಡೆಗಳನ್ನು ಹೊಗಳಿದರು, ನಾನು ಉಬ್ಬಿದೆ. ಅಷ್ಟರಲ್ಲಿ ಅವರ ಪುಟ್ಟ ಮೊಮ್ಮಗಳು ಮಂಚದ ಕೆಳಗಿನಿಂದ ಅಂಬೆಗಾಲಿಟ್ಟು ಹೊರಬಂತು. ಅಂಗೈ ನೀಲಿ. ಬೆರಳು ಬಾಯಿಯತ್ತ ಹೊರಟಿತ್ತು.

ಮಂಡಿನೋವಿನಿಂದ ಗೋಡೆ ಹಿಡಿದು ಏಳುವ ಅತ್ತೆ ಅದು ಹೇಗೆ ಹಾರಿದಳೋ! ಮಗುವಿನ ಮುಂಗೈ ಹಿಡಿದು, ಬಾಯಿ ತೆರೆಸಿ ನೋಡಿದಳು. ನಾಲಿಗೆ ಕೆಂಪಗೇ ಇತ್ತು. ಸೋಪು ಹಚ್ಚಿ ಕೈ ತೊಳೆಸಿದಳು.

"ಇದನ್ನ ಕೂಸಿನ ಕೈಗೆ ಸಿಗೂ ಹಂಗ ಯಾರ್ ಇಟ್ಟಾರ್ರಿ?" ಗಂಡಿನ ತಾಯಿ ಕೂಸನ್ನು ಎದೆಗೆತ್ತಿಕೊಂಡು ಕೇಳಿದರು.

ಅತ್ತೆ ಖಾಲಿ ಮೊಳೆಯನ್ನು ನೋಡಿದಳು, ಆಮೇಲೆ ನನ್ನನ್ನು. "ನಾನ ಇಟ್ಟೇನ್ರಿ. ಮುದುಕಿ, ಮರವು ಜಾಸ್ತಿ. ತಪ್ಪಾತ್ರಿ. ನಮ್ಮ ತಮ್ಮನ ಮಗಾ ಎಲ್ಲಾ ನೆಟ್ಟಗ ಇಡಾಂವ ಅದಾನ."

ಆ ತಮ್ಮನ ಮಗ ಅವಲಕ್ಕಿಯ ತಟ್ಟೆ ನೋಡುತ್ತ ಕುಳಿತಿದ್ದ.

ಹೊರಡುವಾಗ ಹುಡುಗಿ ಒಪ್ಪಿಗೆ ಎಂದರು. ಜೀಪು ಹತ್ತಿದ ಮೇಲೆ ಆ ತಾಯಿ ನನ್ನನ್ನು ಕರೆದು ಮೆಲ್ಲಗೆ, "ಮದಿವ್ಯಾಗ ಆ ನೀಲಿ ಪುಡಿ ಆಯಿನ್ನ ಅಡಗಿಮನಿ ಕಡೆ ಬಿಡಬ್ಯಾಡ್ರಿ" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸಿಬಿಟ್ಟೆ!

ಮರುದಿನ ಡಬ್ಬಿಯನ್ನು ಮೊಳೆಗೇರಿಸಿದೆ. ಅತ್ತೆ ಹೊಸ ಪುಡಿಗೆ ನೀಲಿ ಕಲಸಲು ಕೂತಿದ್ದಳು. ಅವಳ ಕೈಯಿಂದ ಇಸಿದುಕೊಂಡು ನಾನೇ ಕಲಸಿದೆ. ಸೋಪು ಹಾಕಿ ಎಷ್ಟು ತೊಳೆದರೂ ಬಣ್ಣ ಹೋಗಲಿಲ್ಲ. ಹಾಗೇ ಚಹಾದಂಗಡಿಗೆ ಹೋಗಿ, ಎಲ್ಲರೆದುರು ಸತ್ತಿಗೆ ಫೋನು ಹಚ್ಚಿದೆ.

"ಡಬ್ಬಿ ಮಂಚದ ಕೆಳಗ ಇಟ್ಟಾಂವ ನಾನ್ರಿ. ಮದಿವ್ಯಾಗ ಅಡಗಿಮನಿ ನಮ್ಮತ್ತಿದ."

ಫೋನು ಕಿವಿಗೇ ಹಿಡಿದು ಕೂತೆ. ಚಹಾ ಆರುತ್ತಿತ್ತು, ಅಂಗಡಿಯವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ನೀಲಿ ಬೆರಳುಗಳನ್ನು ನಾನು ಕಿಸೆಯೊಳಗೆ ಹಾಕಲಿಲ್ಲ.